ದಸರಾದಿಂದ ಸಂಕ್ರಾಂತಿವರೆಗೆ ಗುಡ್ಡದ ಹಣ್ಣು: ಏನು ಸಿಗುತ್ತದೆ, ಹೇಗೆ ಗುರುತಿಸುವುದು, ಯಾವುದನ್ನು ಮುಟ್ಟಬಾರದು

ಮಳೆ ನಿಲ್ಲುತ್ತಿದ್ದಂತೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. "ರಜೆಗೆ ಊರಿಗೆ ಹೋಗ್ತಿದ್ದೀವಿ, ಮಕ್ಕಳನ್ನ ಗುಡ್ಡಕ್ಕೆ ಕರ್ಕೊಂಡು ಹೋಗ್ಬೇಕು. ಏನು ಸಿಗುತ್ತೆ? ಯಾವುದು ತಿನ್ಬಹುದು?" ಕೇಳುವವರಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ಚಡ್ಡಿ ಜೇಬಿನ ತುಂಬ ಬೋರೆ ಹಣ್ಣು ತುಂಬಿಕೊಂಡು ಓಡಾಡಿದವರೇ. ಪೇಟೆಗೆ ಬಂದು ವರ್ಷಗಳಾದ ಮೇಲೆ ರುಚಿ ನೆನಪಿದೆ, ಗಿಡ ಮರೆತಿದೆ.

ಇಲ್ಲಿ ಹೇಳುತ್ತಿರುವುದು ಬಯಲುಸೀಮೆಯ ಮಾತು. ಕಲ್ಲುಗುಡ್ಡ, ಕುರುಚಲು ಕಾಡು, ಹೊಲದ ಬದು, ಕೆರೆ ಏರಿ. ನನ್ನ ಸಲಹೆ ಒಂದೇ: ಈ ಕಾಲಕ್ಕೆ ಮೂರು ಗಿಡಗಳನ್ನು ಗಟ್ಟಿಯಾಗಿ ಕಲಿಯಿರಿ. ಸೀತಾಫಲ, ಬೆಟ್ಟದ ನೆಲ್ಲಿ, ಬೋರೆ. ಈ ಮೂರು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾದರೆ ನಾಲ್ಕು ತಿಂಗಳು ಬುಟ್ಟಿ ಖಾಲಿ ಇರುವುದಿಲ್ಲ. ಹದಿನೈದು ಹಣ್ಣುಗಳ ಹೆಸರು ಬಾಯಿಪಾಠ ಮಾಡಿ ಒಂದನ್ನೂ ಸರಿಯಾಗಿ ಗುರುತಿಸದೆ ಹೋಗುವುದು ಅಪಾಯ.

1. ಮೊದಲು ತಿಂಗಳು ನೋಡಿ

ಅಕ್ಟೋಬರಿನಲ್ಲಿ ನೇರಳೆ ಹಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳುವವರು ಇದ್ದಾರೆ. ಸಿಗುವುದಿಲ್ಲ. ನೇರಳೆ, ಕವಳಿ ಎಲ್ಲ ಬೇಸಿಗೆ ಕೊನೆ, ಮುಂಗಾರಿನ ಮೊದಲ ಮಳೆಯ ಹಣ್ಣುಗಳು. ಹುಣಸೆ ಸಂಕ್ರಾಂತಿ ಕಳೆದ ಮೇಲೆ. ಬೇಲದ ಹಣ್ಣು ರಾಮನವಮಿಯ ಪಾನಕದ ಹೊತ್ತಿಗೆ ಜಾಸ್ತಿ.

ಈಗಿನ ಲೆಕ್ಕ ಹೀಗಿದೆ. ಸೀತಾಫಲ ಸೆಪ್ಟೆಂಬರಿನಿಂದ ನವೆಂಬರ್ ತನಕ, ದಸರಾ ಸುತ್ತ ಭರಪೂರ. ನೆಲ್ಲಿ ತುಳಸಿ ಹಬ್ಬದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ, ಆದರೆ ಚೆನ್ನಾಗಿ ಬಲಿಯುವುದು ನವೆಂಬರ್ ಕೊನೆಯಿಂದ ಜನವರಿವರೆಗೆ. ಉತ್ಥಾನ ದ್ವಾದಶಿಯ ದಿನ ತುಳಸಿ ಕಟ್ಟೆಯಲ್ಲಿ ನೆಡುವ ಕೊಂಬೆಯ ಕಾಯಿ ಎಷ್ಟೋ ಸಲ ಇನ್ನೂ ಎಳಸು. ಅದು ಪೂಜೆಗೆ ಸರಿ, ಉಪ್ಪಿನಕಾಯಿಗಲ್ಲ. ಬೋರೆ ಡಿಸೆಂಬರಿನಿಂದ ಶುರು. ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು ಎರೆಯುತ್ತಾರಲ್ಲ, ಅದು ಇದೇ ಬೋರೆ. ಆಗ ಇದು ತುಂಬಿ ಬಿಡುವ ಕಾಲ.

ಮಳೆ ಹಿಂದೆ ಮುಂದೆ ಆದರೆ ಇದೂ ಎರಡು ಮೂರು ವಾರ ಸರಿಯುತ್ತದೆ. ಊರಿನಲ್ಲಿ ಕುರಿ ಮೇಯಿಸುವವರನ್ನು ಕೇಳಿ. ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಹಣ್ಣಾಗಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

2. ಜಾಗ ಯಾರದು ಎಂದು ಕೇಳಿಕೊಳ್ಳಿ

"ಕಾಡಿನ ಹಣ್ಣು ತಾನೆ, ಯಾರು ಕೇಳ್ತಾರೆ?" ಎಂಬ ಮಾತಿನಿಂದಲೇ ಹೆಚ್ಚು ಜನ ತೊಂದರೆಗೆ ಸಿಕ್ಕಿಬೀಳುವುದು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೊರಗಿನವರು ಒಂದು ನೆಲ್ಲಿಕಾಯಿಯನ್ನೂ ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ನಡೆಯುತ್ತದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಲ್ಲಿಯೂ ಇಲಾಖೆಯ ಅನುಮತಿ ಬೇಕು. ಹಣ್ಣು, ಕಾಯಿ, ಜೇನು, ಸೀಗೆ ಇವೆಲ್ಲವನ್ನೂ ಸೇರಿಸಿ 'ಕಿರು ಅರಣ್ಯ ಉತ್ಪನ್ನ' ಎನ್ನುತ್ತಾರೆ. ಅಂದರೆ ಮರ ಕಡಿಯದೆ ಕಾಡಿನಿಂದ ಸಿಗುವ ವಸ್ತುಗಳು. 2006ರ ಅರಣ್ಯ ಹಕ್ಕು ಕಾಯ್ದೆ ಇವುಗಳ ಮೇಲಿನ ಹಕ್ಕನ್ನು ಕಾಡಿನಲ್ಲಿ ಬಾಳುವ ಜನರಿಗೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ನೆಲ್ಲಿಕಾಯಿ ವರ್ಷದ ಆದಾಯದ ಒಂದು ಭಾಗ. ನಮಗೆ ಅದು ಭಾನುವಾರದ ಖುಷಿ. ಅಲ್ಲಿ ನೆಲ್ಲಿ ಬೇಕಾದರೆ ಅವರಿಂದ ಕೊಂಡುಕೊಳ್ಳಿ.

ಹಾಗಾದರೆ ಉಳಿದದ್ದು ಎಲ್ಲಿ? ನಿಮ್ಮ ಅಥವಾ ನೆಂಟರ ಹೊಲದ ಬದು, ಊರ ಗೋಮಾಳ, ಕೆರೆ ಅಂಗಳ, ಪಾಳುಬಿದ್ದ ಹೊಲ. ಇನ್ನೊಬ್ಬರ ಹೊಲವಾದರೆ ಒಂದು ಮಾತು ಕೇಳಿ. "ಅಣ್ಣ, ಬದುವಿನ ಬೋರೆ ಹಣ್ಣು ನಾಲ್ಕು ಕಿತ್ಕೊಳ್ಳಲಾ?" ಅಂದರೆ ಬೇಡ ಎನ್ನುವವರು ಬಹಳ ಕಡಿಮೆ. ರಸ್ತೆ ಬದಿಯ ಹುಣಸೆ ಮರಗಳ ವಿಷಯ ಬೇರೆ. ಅವುಗಳ ಫಸಲನ್ನು ಎಷ್ಟೋ ಕಡೆ ಹರಾಜು ಹಾಕಿರುತ್ತಾರೆ. ಮರ ಸರ್ಕಾರದ್ದಾದರೂ ಕಾಯಿ ಹರಾಜು ಹಿಡಿದವರದ್ದು.

ಜಾಗ ಸಿಕ್ಕಿದರೂ ಎರಡು ಕಡೆ ಕೀಳಬೇಡಿ. ಒಂದು, ಹೆದ್ದಾರಿಯ ಅಂಚು. ಇನ್ನೊಂದು, ಹತ್ತಿ ಅಥವಾ ಮೆಣಸಿನಕಾಯಿ ಹೊಲದ ಬದು. ಈ ತಿಂಗಳುಗಳಲ್ಲೇ ಆ ಬೆಳೆಗಳಿಗೆ ಔಷಧಿ ಹೊಡೆಯುತ್ತಿರುತ್ತಾರೆ. ಗಾಳಿಗೆ ಅದು ಬದುವಿನ ಗಿಡದ ಮೇಲೂ ಬೀಳುತ್ತದೆ.

3. ಸಾಮಾನು

ಹೆಚ್ಚೇನೂ ಬೇಡ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಲು ಮುಚ್ಚುವ ಶೂ. ಬೋರೆ ಮುಳ್ಳಿಗೆ ಚಪ್ಪಲಿ ಯಾವ ಲೆಕ್ಕ! ತುದಿಗೆ ಕೊಕ್ಕೆ ಕಟ್ಟಿದ ದೋಟಿ, ಒಂದು ಕತ್ತರಿ, ನೆಲಕ್ಕೆ ಹಾಸಲು ಹಳೆ ಪಂಚೆ. ಬಿದಿರ ಬುಟ್ಟಿ ಇದ್ದರೆ ಅದು, ಇಲ್ಲದಿದ್ದರೆ ಬಟ್ಟೆ ಚೀಲ. ಪ್ಲಾಸ್ಟಿಕ್ ಚೀಲದಲ್ಲಿ ಸೀತಾಫಲ ಬೆವತು ಮನೆ ಮುಟ್ಟುವುದರೊಳಗೆ ಹಾಳಾಗುತ್ತದೆ. ತಲೆಗೊಂದು ಲೀಟರಿನಂತೆ ನೀರು. ಬೆಳಗ್ಗೆ ಏಳಕ್ಕೆ ಹೊರಟು ಹತ್ತೂವರೆಗೆ ವಾಪಸ್ ಬರುವ ಹಾಗೆ ನೋಡಿಕೊಳ್ಳಿ.

ಕೈಯಲ್ಲಿ ಒಂದು ಕೋಲು ಇರಲೇಬೇಕು. ಕಲ್ಲುಗುಡ್ಡದ ಹುಲ್ಲಿನಲ್ಲಿ ಕೊಳಕುಮಂಡಲ, ಗರಗಸ ಮಂಡಲ ಹಾವುಗಳು ಇರುತ್ತವೆ. ಕಾಲಿಡುವ ಮುಂಚೆ ಕೋಲಿನಿಂದ ತಟ್ಟಿ. ಕಲ್ಲು ಸಂದಿಗೆ ಬಿದ್ದ ಹಣ್ಣನ್ನು ಕೈಹಾಕಿ ತೆಗೆಯಬೇಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆ. 108ಕ್ಕೆ ಕರೆ ಮಾಡಿ.

ಮಲೆನಾಡಿನ ಕಡೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳ ಕಾಟ ಚಳಿಗಾಲದಿಂದ ಬೇಸಿಗೆವರೆಗೆ ಜಾಸ್ತಿ. ಆ ಕಡೆ ಕಾಯಿಲೆಯ ಸುದ್ದಿ ಇದ್ದರೆ, ಮಂಗ ಸತ್ತ ಮಾತು ಕೇಳಿಬಂದರೆ ಕಾಡಿಗೆ ಹೋಗುವ ಯೋಚನೆಯನ್ನೇ ಬಿಡಿ.

4. ತಿನ್ನುವುದಕ್ಕಿಂತ ಮೊದಲು ತಿನ್ನಬಾರದ್ದನ್ನು ಕಲಿಯಿರಿ

ದಯವಿಟ್ಟು ಈ ಭಾಗವನ್ನು ಹಾರಿಸಬೇಡಿ. ಮಕ್ಕಳ ಜೊತೆ ಹೋಗುವುದಾದರೆ ಮನೆಯಲ್ಲೇ ಅವರಿಗೆ ಓದಿ ಹೇಳಿ.

*ಗುಲಗಂಜಿ.* ಬೇಲಿ ಮೇಲೆ ಹಬ್ಬುವ ಬಳ್ಳಿ. ಒಣಗಿದ ಕಾಯಿ ಬಿರಿದು ಕೆಂಪು ಬೀಜ, ಅದಕ್ಕೊಂದು ಕಪ್ಪು ಚುಕ್ಕೆ. ನೋಡಲು ಮುದ್ದು, ಅಗಿದು ನುಂಗಿದರೆ ಜೀವಕ್ಕೇ ಸಂಚಕಾರ.

*ಕಾಡುಹರಳು,* ಅಂದರೆ ಜಟ್ರೋಫಾ. ಬೇಲಿಗೆ ನೆಡುತ್ತಾರೆ. ಬಯೋಡೀಸೆಲ್‌ಗೆಂದು ಕೂಡ ಎಷ್ಟೋ ಕಡೆ ನೆಟ್ಟರು. ಬೀಜ ಕಡಲೆಕಾಯಿಯ ಹಾಗೆ ರುಚಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಅಲ್ಲೇ. ಕಹಿ ಇದ್ದಿದ್ದರೆ ಮಕ್ಕಳು ಉಗಿಯುತ್ತಿದ್ದರು. ತಿಂದ ಸ್ವಲ್ಪ ಹೊತ್ತಿಗೆ ವಾಂತಿ, ಭೇದಿ ಶುರುವಾಗುತ್ತದೆ.

*ಕಾಸರಕ.* ಮರದಲ್ಲಿ ಕಿತ್ತಳೆ ಬಣ್ಣದ, ನುಣುಪಾದ ಗುಂಡು ಹಣ್ಣು. ಒಳಗೆ ನಾಣ್ಯದ ಹಾಗೆ ಚಪ್ಪಟೆ ಬೀಜ. ಆ ಬೀಜದಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ವಿಷ. ಹಕ್ಕಿ ತಿನ್ನುತ್ತಿದೆ, ಮಂಗ ತಿನ್ನುತ್ತಿದೆ, ನಾವೂ ತಿನ್ನಬಹುದು ಎಂಬ ಲೆಕ್ಕ ಯಾವ ಹಣ್ಣಿಗೂ ಹಾಕಬೇಡಿ.

*ಮಂಗಾರೆ.* ಮುಳ್ಳಿನ ಕುರುಚಲು ಗಿಡ, ಹಳದಿಗೆ ತಿರುಗುವ ಗಟ್ಟಿ ಕಾಯಿ. ವಾಂತಿ ಮಾಡಿಸಲು ಬಳಸುತ್ತಿದ್ದ ಕಾಯಿ ಇದು. ಕೆಲವು ಕಡೆ ಇದನ್ನು ಜಜ್ಜಿ ನೀರಿಗೆ ಹಾಕಿ ಮೀನು ಮಂಕಾಗಿಸುತ್ತಿದ್ದರು. ತಿನ್ನುವ ಕಾರೆಹಣ್ಣು ಬೇರೆ, ಮಂಗಾರೆ ಬೇರೆ.

*ಕರಿಗೇರು.* ಈ ಹೆಸರಿನ ಗೋಜಲು ದೊಡ್ಡದು. ಕರಾವಳಿಯವರಿಗೆ ಗೇರು ಎಂದರೆ ಗೋಡಂಬಿಯ ಗೇರು. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಗೇರು ಎಂದರೆ ಈ ಕರಿಗೇರು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಇದರ ಬೀಜದ ರಸದಿಂದ. ಆ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಸುಡುವಾಗಿನ ಹೊಗೆಯೂ ಒಳ್ಳೆಯದಲ್ಲ. ಮೇಲಿನ ಕಿತ್ತಳೆ ಬಣ್ಣದ ತಿರುಳನ್ನು ಸುಟ್ಟೋ ಒಣಗಿಸಿಯೋ ತಿನ್ನುವ ಪದ್ಧತಿ ಇದೆ. ತಲೆಮಾರುಗಳಿಂದ ತಿಂದು ಬಲ್ಲವರು ತಿನ್ನಲಿ. ನೀವು ಹೊಸಬರಾದರೆ ಕೈ ಹಚ್ಚಬೇಡಿ.

"ನಮ್ಮ ಗುಡ್ಡದಲ್ಲಿ ಬೀಜಗಳು ಏನು ಸಿಗುತ್ತವೆ?" ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಈ ಕಾಲಕ್ಕೆ, ಈ ಸೀಮೆಯಲ್ಲಿ, ಹೊಸಬರು ಒಡೆದು ತಿನ್ನಬಹುದಾದ ಕಾಡುಬೀಜ ಎಂದು ನಾನು ಯಾವುದನ್ನೂ ಹೇಳುವುದಿಲ್ಲ. ಅಂಟುವಾಳ ಸಿಕ್ಕಿದರೆ ತನ್ನಿ, ಅದು ತೊಳೆಯುವುದಕ್ಕೆ. ತಿನ್ನುವುದಕ್ಕಲ್ಲ.

ಹೆಸರು ನಂಬಿ ತಿನ್ನಬೇಡಿ, ಗಿಡ ನೋಡಿ ತಿನ್ನಿ. ಫೋನಿನ ಆ್ಯಪ್ ಹೇಳಿತು ಎಂದು ಬಾಯಿಗೆ ಹಾಕಿಕೊಳ್ಳಬೇಡಿ. ಗಿಡದ ಎಲೆ, ಮುಳ್ಳು, ಕಾಯಿ ಮೂರೂ ಹೊಂದಬೇಕು. ಜೊತೆಗೆ ಊರಿನವರೊಬ್ಬರು ಹೌದು ಎನ್ನಬೇಕು. ಯಾರಾದರೂ ಗೊತ್ತಿಲ್ಲದ್ದನ್ನು ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತಿಂದ ಹಣ್ಣಿನ ಉಳಿಕೆ, ಒಂದು ಎಲೆ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಿ. ವೈದ್ಯರಿಗೆ ಅದೇ ದೊಡ್ಡ ಸಹಾಯ.

5. ಸೀತಾಫಲ: ಕಣ್ಣು ಬಿಟ್ಟಿದೆಯೇ ನೋಡಿ

ಸೀತಾಫಲ ನಮ್ಮದೇ ಹಣ್ಣು ಎನ್ನುವಷ್ಟು ನಮ್ಮ ಗುಡ್ಡಗಳಿಗೆ ಒಗ್ಗಿದೆ. ಮೂಲ ಮಾತ್ರ ಅಮೆರಿಕ ಖಂಡದ ಬಿಸಿ ಸೀಮೆ. ಬೀದರ್ ಕಡೆಯ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ, ನೀರುಣಿಸದೆ ಬೆಳೆದು ನಿಂತಿದೆ. ಇಷ್ಟು ಹಬ್ಬಲು ಒಂದು ಕಾರಣ ಆಡುಗಳು. ಎಲ್ಲವನ್ನೂ ಮೇಯುವ ಆಡು ಇದರ ಎಲೆಗೆ ಮಾತ್ರ ಬಾಯಿ ಹಾಕುವುದಿಲ್ಲ. ಸುತ್ತಲಿನ ಗಿಡವೆಲ್ಲ ಬೋಳಾಗಿ ಒಂದು ಗಿಡ ಮಾತ್ರ ಹಸಿರಾಗಿ ನಿಂತಿದ್ದರೆ ಹತ್ತಿರ ಹೋಗಿ ನೋಡಿ. ಎಲೆ ಉಜ್ಜಿದರೆ ಗಾಢ ವಾಸನೆ ಬರುತ್ತದೆ.

ಗುರುತಿಸುವುದು ಸುಲಭ. ಕಷ್ಟ ಇರುವುದು ಯಾವಾಗ ಕೀಳಬೇಕು ಎಂಬುದರಲ್ಲಿ. ಹಣ್ಣಿನ ಮೈಮೇಲಿನ ಉಬ್ಬುಗಳ ನಡುವಿನ ಗೆರೆ ನೋಡಿ. ಗೆರೆ ಬಿಗಿಯಾಗಿ, ಹಸಿರಾಗಿ ಇದ್ದರೆ ಬಲಿತಿಲ್ಲ. ಗೆರೆ ಅಗಲವಾಗಿ ಬಿಳಿ ಅಥವಾ ತೆಳು ಹಳದಿಗೆ ತಿರುಗಿದ್ದರೆ ಕಣ್ಣು ಬಿಟ್ಟಿದೆ ಎಂದರ್ಥ. ಆಗಲೂ ಕೈಗೆ ಗಟ್ಟಿಯಾಗಿಯೇ ಇರುತ್ತದೆ. ಕೀಳಬೇಕಾದದ್ದು ಇದೇ ಹದಕ್ಕೆ. ಎಳಸು ಕಾಯಿ ಕಿತ್ತರೆ ಎಷ್ಟು ದಿನ ಹುಲ್ಲಿನಲ್ಲಿಟ್ಟರೂ ಹಣ್ಣಾಗುವುದಿಲ್ಲ. ಕಪ್ಪಾಗಿ, ಸುಕ್ಕಾಗಿ, ಕಲ್ಲಾಗುತ್ತದೆ. ನಾನೊಮ್ಮೆ ಉತ್ಸಾಹದಲ್ಲಿ ಒಂದು ಚೀಲ ತುಂಬಿ ತಂದಿದ್ದೆ. ಹಣ್ಣಾದದ್ದು ನಾಲ್ಕು!

ಎಳೆದು ಕೀಳಬೇಡಿ. ತೊಟ್ಟು ಸ್ವಲ್ಪ ಉಳಿಯುವಂತೆ ಕತ್ತರಿಯಿಂದ ಕತ್ತರಿಸಿ. ಬುಟ್ಟಿಯಲ್ಲಿ ಎರಡು ಪದರಕ್ಕಿಂತ ಹೆಚ್ಚು ಪೇರಿಸಬೇಡಿ. ಉಬ್ಬುಗಳ ಸಂದಿಯಲ್ಲಿ ಬಿಳಿ ಹಿಟ್ಟಿನ ಹಾಗೆ ಏನೋ ಅಂಟಿದ್ದರೆ ಅದು ಹಿಟ್ಟು ತಿಗಣೆ. ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆದರೆ ಹೋಗುತ್ತದೆ, ಒಳಗಿನ ತಿರುಳಿಗೆ ಏನೂ ಆಗಿರುವುದಿಲ್ಲ.

ಬೀಜದ ಬಗ್ಗೆ ಮಾತ್ರ ಹುಷಾರು. ಇಡೀ ಬೀಜ ತಪ್ಪಿ ಹೊಟ್ಟೆಗೆ ಹೋದರೆ ಹಾಗೇ ಹೊರಬರುತ್ತದೆ. ಅರೆದರೆ ವಿಷ. ಬೀಜ ತೆಗೆಯದೆ ಮಿಕ್ಸಿಗೆ ಹಾಕಬೇಡಿ. ಹೇನಿಗೆ ಮದ್ದು ಎಂದು ಬೀಜದ ಪುಡಿಯನ್ನು ತಲೆಗೆ ಹಚ್ಚುವ ರೂಢಿ ಇದೆಯಲ್ಲ, ಅದು ಕಣ್ಣಿಗೆ ಇಳಿದು ಕಣ್ಣು ಕೆಟ್ಟವರಿದ್ದಾರೆ. ಆ ಮದ್ದೇ ಬೇಡ.

6. ಬೆಟ್ಟದ ನೆಲ್ಲಿ: ಕೊಂಬೆ ಕಡಿಯಬೇಡಿ

ಹುಣಸೆ ಎಲೆಯಂತೆ ಸಣ್ಣ ಸಣ್ಣ ಎಲೆ, ಗರಿಯ ಹಾಗೆ ಜೋಡಿಸಿದ್ದು. ತೆಳು ಹಸಿರು ಕಾಯಿ ಬಹುತೇಕ ತೊಟ್ಟೇ ಇಲ್ಲದಂತೆ ಕಡ್ಡಿಗೆ ಅಂಟಿಕೊಂಡಿರುತ್ತದೆ. ಕಾಯಿಯ ಮೇಲಿಂದ ಕೆಳಗೆ ಆರು ಮಸುಕು ಗೆರೆ. ಒಂದು ಕಚ್ಚಿ, ಮೇಲೆ ನೀರು ಕುಡಿಯಿರಿ. ಸಿಹಿ ಆಯಿತೇ? ಹಾಗಾದರೆ ಅನುಮಾನ ಬೇಡ.

ಪೇಟೆಯ ನೆಲ್ಲಿ ನಿಂಬೆ ಗಾತ್ರ. ಗುಡ್ಡದ್ದು ಗೋಲಿ ಗಾತ್ರ, ಒಗರು ಜಾಸ್ತಿ. ಉಪ್ಪಿನಕಾಯಿಗೆ ನನಗೆ ಇದೇ ಇಷ್ಟ.

ನೆಲ್ಲಿಗೆ ಜನ ಕಲ್ಲು ಹೊಡೆಯುತ್ತಾರೆ. ಏಟು ತಿಂದ ಕಾಯಿ ಮರುದಿನಕ್ಕೆ ಕಂದು ಕಲೆ ಬಿದ್ದು ಕೊಳೆಯುತ್ತದೆ. ಇನ್ನು ಕೆಲವರು ಕೊಂಬೆಯನ್ನೇ ಕಡಿದು ನೆರಳಲ್ಲಿ ಕೂತು ಬಿಡಿಸುತ್ತಾರೆ. ಇದರಷ್ಟು ಕೆಟ್ಟ ಅಭ್ಯಾಸ ಬೇರೆ ಇಲ್ಲ. ಕೆಳಗೆ ಪಂಚೆ ಹಾಸಿ, ದೋಟಿಯ ಕೊಕ್ಕೆಯಿಂದ ಕೊಂಬೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬಲಿತದ್ದು ತಾನಾಗಿ ಉದುರುತ್ತದೆ. ಉದುರದ್ದು ಎಳಸು, ಬಿಟ್ಟುಬಿಡಿ. ಮರಕ್ಕೆ ಹತ್ತುವ ಮುಂಚೆ ಮೇಲೆ ನೋಡಿ. ಹೆಜ್ಜೇನಿನ ಹುಟ್ಟು ಕಂಡರೆ ಸದ್ದಿಲ್ಲದೆ ಬೇರೆ ಮರಕ್ಕೆ ನಡೆಯಿರಿ.

7. ಬೋರೆ ಮತ್ತು ಪರಿಗೆ: ಮುಳ್ಳೇ ಗುರುತು

ಎಲಚಿ, ಬೋರೆ, ಬಾರೆ, ಬಾರಿ, ಎಲ್ಲ ಒಂದೇ. ಎಲೆ ಗುಂಡಗೆ, ಬುಡದಿಂದ ಮೂರು ನರ ಎದ್ದು ಕಾಣುತ್ತವೆ. ಎಲೆ ತಿರುಗಿಸಿದರೆ ಅಡಿಭಾಗ ಬಿಳಿ ಬಟ್ಟೆ ಹಚ್ಚಿದ ಹಾಗೆ. ಗಿಣ್ಣಿನಲ್ಲಿ ಜೋಡಿ ಮುಳ್ಳು, ಒಂದು ನೇರ, ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿದ್ದು. ನೇರ ಮುಳ್ಳು ಚುಚ್ಚುತ್ತದೆ, ಕೊಕ್ಕೆ ಹಿಡಿದುಕೊಳ್ಳುತ್ತದೆ. ಅಂಗಿ ಸಿಕ್ಕಿಕೊಂಡರೆ ಜಗ್ಗಬೇಡಿ. ಬಂದ ದಾರಿಯಲ್ಲೇ ಕೈ ಹಿಂದಕ್ಕೆ ತೆಗೆದುಕೊಳ್ಳಿ.

ಪರಿಗೆ ಇದರ ತಂಗಿ ಇದ್ದ ಹಾಗೆ. ಬೇರೆ ಗಿಡದ ಮೇಲೆ ಹಬ್ಬುತ್ತದೆ. ಎಲೆ ಒಂದು ಮಗ್ಗುಲಿಗೆ ವಾಲಿದಂತೆ ಓರೆ. ಹಣ್ಣು ಬಟಾಣಿಯಷ್ಟು, ಮಾಗಿದಾಗ ಹೊಳೆಯುವ ಕಪ್ಪು. ತಿರುಳು ಕಡಿಮೆ, ಹುಳಿ ಜಾಸ್ತಿ, ಚಪಲ ಅದಕ್ಕಿಂತ ಜಾಸ್ತಿ.

ಬೋರೆ ಹಸಿರಾಗಿದ್ದಾಗ ಒಗರು. ಹಳದಿಗೆ ತಿರುಗಿ ಅಲ್ಲಲ್ಲಿ ಕೆಂಪು ಕಂದು ಬಂದಾಗ ಹುಳಿಸಿಹಿ. ಪೂರ್ತಿ ಕಂದಾಗಿ ಮೆತ್ತಗಾದರೆ ಒಣಗಿಸಲು ಲಾಯಕ್ಕು. ಇದರಲ್ಲಿ ಹುಳ ಬೀಳುವುದು ತೀರಾ ಸಾಮಾನ್ಯ. ಹಣ್ಣುನೊಣ ಕಾಯಿಯಲ್ಲೇ ಮೊಟ್ಟೆ ಇಟ್ಟಿರುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಬಾಯಿಗೆ ಎಸೆದುಕೊಳ್ಳುವ ಮುಂಚೆ ಬೆರಳಿನಿಂದ ಬಿಡಿಸಿ ನೋಡಿ. ಬಾವಲಿ, ಹಕ್ಕಿ, ಅಳಿಲು ಕಚ್ಚಿದ ಹಣ್ಣು ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಹಂಪಿ, ದರೋಜಿ ಸುತ್ತಿನವರು ಒಂದು ಮಾತು ನೆನಪಿಡಿ. ಅಲ್ಲಿನ ಕಲ್ಲುಗುಡ್ಡಗಳು ಕರಡಿಗಳ ಮನೆ. ದರೋಜಿಯಲ್ಲಿ 1994ರಲ್ಲೇ ಕರಡಿಧಾಮ ಮಾಡಿದ್ದಾರೆ. ಬೋರೆ ಹಣ್ಣೆಂದರೆ ಕರಡಿಗೂ ಪ್ರಾಣ. ಮುಂಜಾನೆ, ಮುಸ್ಸಂಜೆ ಆ ಕಡೆಯ ಪೊದೆಗಳ ಹತ್ತಿರ ಹೋಗಬೇಡಿ. ಹಗಲು ಹೋದರೂ ಜೋರಾಗಿ ಮಾತಾಡುತ್ತ ಹೋಗಿ. ಸುಮ್ನೆ ಸದ್ದಿಲ್ಲದೆ ಎದುರಾಗುವವರ ಮೇಲೇ ಅದು ಬೀಳುವುದು ಜಾಸ್ತಿ.

8. ಎಷ್ಟು ಕೀಳಬೇಕು?

ಒಂದು ಗಿಡದಿಂದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಇದು ನನ್ನ ಲೆಕ್ಕ, ಕಾನೂನಲ್ಲ. ಒಂದು ಮನೆಗೆ ಎರಡು ಕಿಲೋ ನೆಲ್ಲಿ, ಒಂದು ಕಿಲೋ ಬೋರೆ ಧಾರಾಳ. ಸೀತಾಫಲ ಎರಡು ದಿನಕ್ಕೆ ತಿಂದು ಮುಗಿಸುವಷ್ಟು ಸಾಕು, ಏಕೆಂದರೆ ಅದು ನಿಮಗಾಗಿ ಕಾಯುವುದಿಲ್ಲ. ಕುರಿ ಕಾಯುವ ಹುಡುಗರು ಕಣ್ಣಿಟ್ಟುಕೊಂಡ ಗಿಡ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ.

9. ಮನೆಗೆ ತಂದ ಮೇಲೆ

ಸೀತಾಫಲವನ್ನು ಹುಲ್ಲಿನಲ್ಲೋ ಅಕ್ಕಿ ಡಬ್ಬದಲ್ಲೋ ಇಡಿ. ಎರಡರಿಂದ ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ದಿನಕ್ಕೆರಡು ಸಲ ಮುಟ್ಟಿ ನೋಡಿ. ಹಣ್ಣಾಗುವ ಮೊದಲೇ ಫ್ರಿಜ್‌ಗೆ ಇಟ್ಟರೆ ಕಪ್ಪಾಗುತ್ತದೆ, ಹಣ್ಣಾಗುವುದಿಲ್ಲ. ತಿರುಳನ್ನು ಕುದಿಸಬೇಡಿ, ಕಹಿಯಾಗುತ್ತದೆ. ಪಾಯಸಕ್ಕೆ ಹಾಕುವುದಾದರೆ ಹಾಲು ಪೂರ್ತಿ ಆರಿದ ಮೇಲೆ ಬೆರೆಸಿ.

ನೆಲ್ಲಿಯನ್ನು ಅದೇ ದಿನ ಆರಿಸಿ. ಗಾಯವಾದದ್ದು ಚಟ್ನಿಗೆ, ತಂಬುಳಿಗೆ. ಚೆನ್ನಾಗಿರುವುದನ್ನು ತೊಳೆದು, ಒರೆಸಿ, ನೆರಳಲ್ಲಿ ಆರಿಸಿ ಜಾಡಿಗೆ ತುಂಬಿ. ಒಂದು ಲೀಟರ್ ನೀರಿಗೆ ನೂರು ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ, ಪೂರ್ತಿ ತಣ್ಣಗಾದ ಮೇಲೆ ಸುರಿಯಿರಿ. ಕಾಯಿ ನೀರಿನಿಂದ ಮೇಲೆ ಬರದಂತೆ ಸಣ್ಣ ತಟ್ಟೆ ಇಟ್ಟು ಅದುಮಿ. ಎರಡು ಮೂರು ವಾರಕ್ಕೆ ಹದವಾಗುತ್ತದೆ. ಕಬ್ಬಿಣದ ಪಾತ್ರೆ, ಚಾಕು ಬಳಸಿದರೆ ನೆಲ್ಲಿ ಕಪ್ಪಾಗುತ್ತದೆ. ಜಾಡಿಯಲ್ಲಿ ತುಪ್ಪಳದಂತೆ ಬೂಸಲು ಬಂದರೆ ಮೇಲಿನದು ತೆಗೆದು ಉಳಿದದ್ದು ತಿನ್ನೋಣ ಎಂದುಕೊಳ್ಳಬೇಡಿ, ಇಡೀ ಜಾಡಿ ಚೆಲ್ಲಿ. ಚಟ್ಟು, ಅಂದರೆ ಒಣ ನೆಲ್ಲಿ ಬೇಕಾದರೆ ಆವಿಯಲ್ಲಿ ಬೇಯಿಸಿ. ಎಸಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೀಜ ತೆಗೆದು, ಉಪ್ಪು ಸವರಿ, ಗಟ್ಟಿಯಾಗುವತನಕ ಬಿಸಿಲಿಗೆ ಹಾಕಿ.

ಬೋರೆಯನ್ನು ಒಂದೊಂದಾಗಿ ಬಿಡಿಸಿ ಹುಳ ನೋಡಿ ಒಣಗಿಸಿ. ಸುಕ್ಕುಗಟ್ಟಿ ಚರ್ಮದ ಹಾಗಾದ ಮೇಲೆ ಒರಳಿಗೆ ಹಾಕಿ ಒಣ ಮೆಣಸಿನಕಾಯಿ, ಉಪ್ಪು, ಬೆಲ್ಲ ಸೇರಿಸಿ ಕುಟ್ಟಿ. ಗೊರಟೆ ಸಮೇತ ಕುಟ್ಟುವವರಿದ್ದಾರೆ, ಹಲ್ಲು ಗಟ್ಟಿ ಇದ್ದವರಿಗೆ ಅದು. ಮಕ್ಕಳಿಗಾದರೆ ಗೊರಟೆ ತೆಗೆಯಿರಿ. ಬಿಲ್ಲೆ ತಟ್ಟಿ ಇನ್ನೆರಡು ಬಿಸಿಲು ಕಾಣಿಸಿ ಡಬ್ಬಕ್ಕೆ ಹಾಕಿ. ಡಬ್ಬ ಎತ್ತರದ ಶೆಲ್ಫಿನಲ್ಲಿ ಇಡಿ. ಕೆಳಗಿಟ್ಟರೆ ಒಂದು ವಾರ ಬಂದರೆ ಹೆಚ್ಚು.